ಬೆಕ್ಕಿಗೆ ಕನ್ನಡ ಬರುತ್ತದೆ, ನಾವು ಕೇಳಲಿಲ್ಲ ಅಷ್ಟೆ

"ನಿಮ್ಮ ಕಂಪ್ಯೂಟರಿಗೆ ಕನ್ನಡ ಬರುದಿಲ್ಲ ಮಾರಾಯ್ರೆ. ನಾವು ಈಗ ಎಲ್ಲ ಇಂಗ್ಲಿಷಿನಲ್ಲೇ ಹಾಕುದು."

ಮಂಗಳೂರಿನ ಒಂದು ಸಂಸ್ಥೆಯ ಗ್ರಂಥಾಲಯದಲ್ಲಿ ಮೇಡಂ ಒಬ್ಬರು ಹೀಗೆ ಹೇಳಿ ಹನ್ನೆರಡು ವರ್ಷದ ಮೇಲಾಯಿತು. ಕೋಪದಲ್ಲಿ ಹೇಳಿದ್ದಲ್ಲ. ಹೊರಗೆ ಮಳೆ ಬರ್ತಾ ಉಂಟು ಅನ್ನುವಷ್ಟೇ ಸಲೀಸಾಗಿ ಹೇಳಿದರು. ಆದರೆ ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ಆ ಕಂಪ್ಯೂಟರಿನಲ್ಲಿ ಸರ್ವರ್ ಹಾಕಿಕೊಟ್ಟವನು ನಾನೇ!

ಅಲ್ಲಿದ್ದದ್ದು ಜಾವಾದಲ್ಲಿ ಬರೆದ ಒಂದು ಪುಟ್ಟ ಪುಸ್ತಕಪಟ್ಟಿ ತಂತ್ರಾಂಶ. ಓಡುತ್ತಿದ್ದದ್ದು ಟಾಮ್‌ಕ್ಯಾಟ್ 6ರ ಮೇಲೆ. ಟಾಮ್‌ಕ್ಯಾಟ್ ಅಂದರೆ ಗಂಡುಬೆಕ್ಕು. ಸನ್ ಕಂಪನಿಯಲ್ಲಿದ್ದ ಜೇಮ್ಸ್ ಡಂಕನ್ ಡೇವಿಡ್‌ಸನ್ ಶುರು ಮಾಡಿದ ಈ ಸರ್ವರನ್ನು ಸನ್ 1999ರಲ್ಲಿ ಅಪಾಚೆಗೆ ದಾನ ಮಾಡಿತು. (ಅದು ಪೂರ್ತಿ ಅಪ್ಲಿಕೇಶನ್ ಸರ್ವರ್ ಅಲ್ಲ, ಬರೇ ಸರ್ವ್‌ಲೆಟ್ ಕಂಟೇನರ್ ಅಂತ ತಕರಾರು ತೆಗೆಯುವವರಿದ್ದಾರೆ. ಒಪ್ಪಿದೆ. ಆದರೆ ನಮ್ಮೂರಿನ ಸಣ್ಣ ಆಫೀಸುಗಳಿಗೆ ಬೆಕ್ಕೇ ಸಾಕು.) ಜಾವಾ ಹಾಕು, ಜಾವಾ ಹೋಮ್ ಎಲ್ಲಿದೆ ಅಂತ ತೋರಿಸು, ಟಾಮ್‌ಕ್ಯಾಟ್ ಬಿಚ್ಚಿಡು, ವಾರ್ ಫೈಲನ್ನು ವೆಬ್‌ಆ್ಯಪ್ಸ್ ಫೋಲ್ಡರಿಗೆ ಹಾಕು, ಶುರು ಮಾಡು. ಬ್ರೌಸರಿನಲ್ಲಿ 8080ನೇ ಪೋರ್ಟ್ ತೆರೆದರೆ ಬೆಕ್ಕಿನ ಚಿತ್ರ. ಬೆಕ್ಕು ಕಂಡಿತು ಅಂದರೆ ಕೆಲಸ ಮುಗಿಯಿತು ಅಂತ ಲೆಕ್ಕ. ನಾನೂ ಹಾಗೇ ಮಾಡಿದೆ. ಹುಡುಕುವ ಜಾಗದಲ್ಲಿ ಒಂದು ಇಂಗ್ಲಿಷ್ ಪುಸ್ತಕದ ಹೆಸರು ಹಾಕಿ ನೋಡಿದೆ, ಬಂತು. ಚಾ ಕುಡಿದು ಮನೆಗೆ ಹೋದೆ.

ಸುಮಾರು ಎರಡು ವರ್ಷ ಕಳೆದು ಬೇರೇನೋ ಕೆಲಸಕ್ಕೆ ಹೋದಾಗ ಮೇಡಂ ಮೇಲಿನ ಮಾತು ಹೇಳಿದ್ದು. ನನಗೆ ನಂಬಿಕೆ ಬರಲಿಲ್ಲ. ಕನ್ನಡದಲ್ಲಿ ಪುಸ್ತಕದ ಹೆಸರು ತುಂಬಿಸಿದರೆ ಚೆಂದಕ್ಕೆ ಕಾಣುತ್ತಿತ್ತು. ಆದರೆ "ಯಕ್ಷಗಾನ" ಅಂತ ಹುಡುಕಿದರೆ ಸೊನ್ನೆ ಪುಸ್ತಕ! ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಯಕ್ಷಗಾನದ ಪುಸ್ತಕಗಳು ಸಾಲಾಗಿ ಕೂತಿದ್ದವು. ಕಂಪ್ಯೂಟರ್ ನೋಡಿ "ಇಲ್ಲ" ಅನ್ನಿಸಿಕೊಂಡು ಎಷ್ಟು ಮಂದಿ ಹುಡುಗರು ವಾಪಸ್ ಹೋದರೋ ದೇವರೇ ಬಲ್ಲ. ಕೊನೆಗೆ ಬೇಸತ್ತು ಇವರೇ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ತುಂಬಿಸಲು ಶುರು ಮಾಡಿದ್ದರು. ಒಬ್ಬರು 'ಯಕ್ಷ'ಕ್ಕೆ ಕೆ-ಎಸ್-ಎಚ್ ಬರೆದರೆ ಇನ್ನೊಬ್ಬರು ಎಕ್ಸ್. 'ಗಾನ'ಕ್ಕೆ ಒಬ್ಬರದು ಒಂದು ಎ, ಇನ್ನೊಬ್ಬರದು ಎರಡು. ಹುಡುಕುವವನು ಯಾವುದನ್ನು ಅಂತ ಹುಡುಕಬೇಕು?

ಆಮೇಲೆ ಕೂತು ನೋಡಿದೆ. ತಪ್ಪು ಎಲ್ಲಿತ್ತು ಗೊತ್ತೇ? 'ಯಕ್ಷಗಾನ' ಪದದಲ್ಲಿ ಯುನಿಕೋಡ್ ಲೆಕ್ಕದಲ್ಲಿ ಏಳು ಸಂಕೇತಗಳಿವೆ: ಯ, ಕ, ವಿರಾಮ ಚಿಹ್ನೆ, ಷ, ಗ, ಆ-ಕಾರದ ಚಿಹ್ನೆ, ನ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಒಟ್ಟು 21 ಬೈಟ್. ಬ್ರೌಸರ್ ಇದನ್ನು ಸರಿಯಾಗಿಯೇ ಕಟ್ಟಿ ಕಳಿಸಿತ್ತು. ಆದರೆ ಟಾಮ್‌ಕ್ಯಾಟ್ 7ರ ತನಕ, ವಿಳಾಸದ ಸಾಲಿನಲ್ಲಿ ಬರುವ ಬೈಟುಗಳನ್ನು ನೀವೇನೂ ಹೇಳದಿದ್ದರೆ ಅದು ಓದುತ್ತಿದ್ದದ್ದು ಐಎಸ್‌ಒ-8859-1 ಅನ್ನುವ ಪಟ್ಟಿಯ ಪ್ರಕಾರ. ಒಂದು ಬೈಟಿಗೆ ಒಂದು ಅಕ್ಷರ, ಒಟ್ಟು 256 ಜಾಗ, ಪಶ್ಚಿಮ ಯುರೋಪಿನ ಭಾಷೆಗಳಿಗೆ ಹೊಲಿದ ಅಂಗಿ. ಹಾಗಾಗಿ ನಮ್ಮ ಯಕ್ಷಗಾನ ಅದಕ್ಕೆ 21 ವಿಚಿತ್ರ ಅಕ್ಷರಗಳ ಒಂದು ಪದವಾಗಿ ಕಂಡಿತು. ಆ ಹೆಸರಿನ ಪುಸ್ತಕ ಪ್ರಪಂಚದ ಯಾವ ಗ್ರಂಥಾಲಯದಲ್ಲೂ ಇರಲಿಕ್ಕಿಲ್ಲ :-)

ಮತ್ತೆ ತುಂಬಿಸಿದ್ದು ಹೇಗೆ ಸರಿ ಕಂಡಿತು ಅಂತ ಕೇಳಬಹುದು. ತುಂಬಿಸುವ ಫಾರಂ ಬೇರೆ ದಾರಿಯಲ್ಲಿ, ಪೋಸ್ಟ್ ಮೂಲಕ ಹೋಗುತ್ತದೆ. ಅದಕ್ಕೆ ತಂತ್ರಾಂಶ ಬರೆದವರು ಯುಟಿಎಫ್-8 ಅಂತ ಫಿಲ್ಟರ್ ಹಾಕಿದ್ದರು. ಹುಡುಕಾಟ ವಿಳಾಸದ ಸಾಲಿನಲ್ಲೇ ಹೋಗುತ್ತದೆ, ಅಲ್ಲಿಗೆ ಆ ಫಿಲ್ಟರ್ ನಾಟುವುದಿಲ್ಲ. ಸರ್ವರ್ ಹಾಕುವವನೇ ಸರ್ವರ್ ಡಾಟ್ ಎಕ್ಸ್‌ಎಂಎಲ್ ಫೈಲಿನ ಕನೆಕ್ಟರ್ ಸಾಲಿನಲ್ಲಿ 'ಯುಆರ್‌ಐ ಎನ್‌ಕೋಡಿಂಗ್' ಯುಟಿಎಫ್-8 ಅಂತ ಸೇರಿಸಬೇಕು. ಅಷ್ಟೇ. ಸೇರಿಸಿದೆ, ಬೆಕ್ಕನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ, ಯಕ್ಷಗಾನ ಬಂತು. ಐದು ನಿಮಿಷದ ಕೆಲಸ. ಅದಕ್ಕೆ ಎರಡು ವರ್ಷದ ದಂಡ. ಇಂಗ್ಲಿಷಿನಲ್ಲಿ ತುಂಬಿಸಿದ್ದನ್ನು ತಿರುಗಿ ಕನ್ನಡ ಮಾಡುವ ಕೆಲಸ ಮಾತ್ರ ಪೂರ್ತಿ ಮುಗಿಯಲೇ ಇಲ್ಲ.

ಇದೇನು ಗುಟ್ಟಿನ ವಿದ್ಯೆಯೂ ಅಲ್ಲ. ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಡಿಸ್ಪೇಸ್ ಅನ್ನುವ ಗ್ರಂಥಭಂಡಾರದ ತಂತ್ರಾಂಶವೂ ಟಾಮ್‌ಕ್ಯಾಟ್ ಮೇಲೆಯೇ ಓಡುವುದು. ದೇಶದ ವಿಶ್ವವಿದ್ಯಾನಿಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಕಟ್ಟಿದ್ದು ಅದರಲ್ಲೇ. ಅದರ ಇನ್‌ಸ್ಟಾಲ್ ಮಾರ್ಗದರ್ಶಿಯಲ್ಲಿ ಈ ಸಾಲು ಹಾಕಿ ಅಂತ ಸ್ಪಷ್ಟವಾಗಿ ಬರೆದಿತ್ತು. ಮಾರ್ಗದರ್ಶಿ ಓದುವ ಅಭ್ಯಾಸ ನನಗಿರಲಿಲ್ಲ, ಅಷ್ಟೆ.

ನನಗೆ ಹೇಳಬೇಕಾದದ್ದು ಇಷ್ಟು. ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಅನ್ನುವುದು ಸುಳ್ಳು. ಜಾವಾ ಹುಟ್ಟಿದಾಗಿನಿಂದ ಯುನಿಕೋಡಿನದ್ದೇ ಮಗು. ಯುನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಜಾವಾದಲ್ಲಿ ವೇರಿಯೇಬಲ್‌ಗೆ 'ಪುಸ್ತಕ' ಅಂತ ಕನ್ನಡದಲ್ಲೇ ಹೆಸರಿಡಬಹುದು, ಬೇಕಾದರೆ ಮಾಡಿ ನೋಡಿ. ಒಳಗೂ ಕನ್ನಡ ಉಂಟು, ಹೊರಗೂ ಕನ್ನಡ ಉಂಟು, ನಡುವಿನ ಬಾಗಿಲಲ್ಲಿ ನಿಂತವನಿಗೆ ಹೇಳಿರಲಿಲ್ಲ. ಹೇಳಬೇಕಾದವನು ಸರ್ವರ್ ಹಾಕುವವನು. "ಗಿರಾಕಿ ಕೇಳಲಿಲ್ಲ" ಅಂತ ನನ್ನ ವೃತ್ತಿಯವರು ಹೇಳುವುದುಂಟು. ಗಿರಾಕಿಗೆ ಕೇಳಲಿಕ್ಕೆ ಗೊತ್ತಿರುವುದಿಲ್ಲ ಸ್ವಾಮಿ! ಅವರು ತಮ್ಮ ಭಾಷೆಯದ್ದೇ ಊನ ಅಂದುಕೊಂಡು ಸುಮ್ಮನೆ ಇಂಗ್ಲಿಷಿಗೆ ಹೋಗುತ್ತಾರೆ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನು, ಟಾಮ್‌ಕ್ಯಾಟ್ ಅಲ್ಲ.

ಬ್ಲಾಗ್ ಬರೆಯುವ ನಮಗೆಲ್ಲ ಇದು ಉಪಯೋಗಕ್ಕೆ ಬರಬಹುದು: ಕನ್ನಡ ಕೆಟ್ಟು ಕಂಡಾಗ ಅದು ಹೇಗೆ ಕೆಟ್ಟಿದೆ ಅಂತ ನೋಡಿ. ಬರೇ ಚೌಕ ಡಬ್ಬಿಗಳು ಕಂಡರೆ ಹೆಚ್ಚಾಗಿ ನಿಮ್ಮ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲ ಅಂತ, ಬರಹಕ್ಕೆ ಏನೂ ಆಗಿಲ್ಲ. ತಲೆ ಮೇಲೆ ಗೀಟು ಹೊತ್ತ 'ಎ' ಅಕ್ಷರ ಮತ್ತೆ ಮತ್ತೆ ಬರುತ್ತಿದ್ದರೆ ಬೈಟುಗಳನ್ನು ತಪ್ಪು ಪಟ್ಟಿ ಹಿಡಿದು ಓದಿದ್ದಾರೆ ಅಂತ, ಸಾಮಾನ್ಯವಾಗಿ ಸರಿ ಮಾಡಬಹುದು. ಆದರೆ ಡೇಟಾಬೇಸಿನ ಒಳಗೇ ಬರೇ ಪ್ರಶ್ನೆ ಚಿಹ್ನೆಗಳು ಕೂತಿದ್ದರೆ ಕಥೆ ಮುಗಿಯಿತು. ಹಿಡಿಯದ ಅಕ್ಷರಗಳನ್ನು ಎಸೆದು ಅದರ ಜಾಗದಲ್ಲಿ ಆ ಚಿಹ್ನೆ ಇಟ್ಟಿದ್ದಾರೆ. ಮೂಲ ಪ್ರತಿ ಬೇರೆಲ್ಲೂ ಇಲ್ಲದಿದ್ದರೆ ವಾಪಸ್ ಬರುವುದಿಲ್ಲ.

ಈಗ ಇದೆಲ್ಲ ಯಾಕೆ, ಕಾಲ ಬದಲಾಯಿತಲ್ಲ ಅನ್ನಬಹುದು. ನಿಜ. 2014ರಲ್ಲಿ ಬಂದ ಟಾಮ್‌ಕ್ಯಾಟ್ 8ರಿಂದ ವಿಳಾಸದ ಸಾಲನ್ನು ತಾನಾಗಿಯೇ ಯುಟಿಎಫ್-8 ಅಂತ ಓದುತ್ತದೆ. ಟಾಮ್‌ಕ್ಯಾಟ್ 10ರಲ್ಲಿ ಫಾರಂಗಳಿಗೂ ಅದೇ ಪೂರ್ವನಿಯೋಜಿತ. 2022ರ ಜಾವಾ 18ರಿಂದ ಜಾವಾದ ಮೂಲ ಎನ್‌ಕೋಡಿಂಗೇ ಯುಟಿಎಫ್-8. ಮೈಎಸ್‌ಕ್ಯುಎಲ್ ಕೂಡ 2018ರ 8.0ರಿಂದ ಲ್ಯಾಟಿನ್ ಬಿಟ್ಟು ಯುಟಿಎಫ್‌ಗೆ ಬಂತು. ಆದರೆ "ಓಡ್ತಾ ಉಂಟಲ್ಲ, ಮುಟ್ಟುವುದು ಬೇಡ" ಅಂತ ಬಿಟ್ಟ ಹಳೆಯ ಸರ್ವರಿಗೆ ಈ ಯಾವ ಬದಲಾವಣೆಯೂ ತಲುಪುವುದಿಲ್ಲ.

ಮತ್ತೆ ಮಂಗಳೂರಿನವರಿಗೆ ಇನ್ನೊಂದು ಚಿಂತೆ ಉಂಟು. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಓದಿ ಖುಷಿಪಟ್ಟೆ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಕನ್ನಡಕ್ಕೆ ಮೂರು ಬೈಟ್ ಸಾಕು, ತುಳು ಲಿಪಿಯ ಅಕ್ಷರಗಳಿಗೆ ನಾಲ್ಕು ಬೇಕು. ಮೈಎಸ್‌ಕ್ಯುಎಲ್‌ನಲ್ಲಿ 'ಯುಟಿಎಫ್8' ಅಂತ ಬರೆದರೆ ಅದು ಮೂರೇ ಬೈಟಿನದ್ದು! ನಾಲ್ಕು ಬೈಟಿಗೆ 'ಯುಟಿಎಫ್8ಎಂಬಿ4' ಅಂತ ಬರೆಯಬೇಕು, ಇದು 2010ರಲ್ಲಿ 5.5ರ ಸಾಲಿನಲ್ಲಿ ಬಂದದ್ದು. ಹಳೆಯದರಲ್ಲಿ ತುಳು ಅಕ್ಷರ ತುಂಬಿಸಿದರೆ ಒಂದೋ ದೋಷ ತೋರಿಸಿ ನಿಲ್ಲುತ್ತದೆ, ಇಲ್ಲವೇ ಆ ಅಕ್ಷರದಿಂದ ಮುಂದಿನದ್ದನ್ನೆಲ್ಲ ಕತ್ತರಿಸುತ್ತದೆ. ಅಂದರೆ ಕನ್ನಡಕ್ಕೆ ಅಂತ ಕಷ್ಟಪಟ್ಟು ಸರಿ ಮಾಡಿಟ್ಟ ಸರ್ವರುಗಳಲ್ಲೇ ನಾಳೆ ಯಾರಾದರೂ "ಕಂಪ್ಯೂಟರಿಗೆ ತುಳು ಬರುದಿಲ್ಲ" ಅಂತ ಹೇಳಬಹುದು. ಈ ಸಲ ಹಾಗೆ ಹೇಳಿಸಿಕೊಳ್ಳುವವರು ಕನ್ನಡದವರೇ ಆಗಿರುತ್ತೇವೆ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದ ಊರಿದು. ಒಂದೊಂದು ಮೊಳೆ ಜೋಡಿಸಿ ಅಷ್ಟು ದೊಡ್ಡ ಪುಸ್ತಕ ಮಾಡಿದ ಊರಿನಲ್ಲಿ ಒಂದು ಸಾಲು ಬರೆಯಲು ನಮಗೆ ಉದಾಸೀನ ಅಂದರೆ ನಾಚಿಕೆಯಲ್ಲವೇ?

ಈಗ ನಾನು ಎಲ್ಲಿ ಸರ್ವರ್ ಹಾಕಿದರೂ ಬೆಕ್ಕು ಕಂಡ ಕೂಡಲೇ ಏಳುವುದಿಲ್ಲ. 'ಯಕ್ಷಗಾನ' ಅಂತ ತುಂಬಿಸುತ್ತೇನೆ, ಉಳಿಸುತ್ತೇನೆ, ಅದೇ ಪದ ಹುಡುಕುತ್ತೇನೆ, ಆ ಹೆಸರಿನ ಫೈಲ್ ಏರಿಸಿ ಇಳಿಸುತ್ತೇನೆ, ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ ಪುನಃ ನೋಡುತ್ತೇನೆ. ಆಮೇಲೆ ಒಂದು ತುಳು ಅಕ್ಷರ. ಅದು ಪರದೆಯಲ್ಲಿ ಡಬ್ಬಿಯಾಗಿ ಕಂಡರೂ ಪರವಾಗಿಲ್ಲ, ಫಾಂಟ್ ನಾಳೆ ಬಂದೀತು. ಉಳಿಸಿದ್ದು ಹಾಗೇ ವಾಪಸ್ ಬಂತಾ ಅನ್ನುವುದಷ್ಟೇ ಮುಖ್ಯ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.

ನಿಮ್ಮೂರಿನ ಗ್ರಂಥಾಲಯದಲ್ಲೋ ಸಹಕಾರಿ ಸಂಘದಲ್ಲೋ ಯಾರಾದರೂ "ಇದಕ್ಕೆ ಕನ್ನಡ ಬರುವುದಿಲ್ಲ" ಅಂದರೆ ನಂಬಿ ವಾಪಸ್ ಬರಬೇಡಿ. ಸರ್ವರ್ ಹಾಕಿದವರು ಯಾರು ಅಂತ ಕೇಳಿ. ನಿಮಗೂ ಇಂಥ ಅನುಭವ ಆಗಿದ್ದರೆ ಇಲ್ಲಿ ಬರೆಯಿರಿ. ಸರ್ವರ್ ಹಾಕಿದವರು ನೀವೇ ಆಗಿದ್ದರೂ ಸಂಕೋಚ ಬೇಡ, ನಾನು ಮೊದಲೇ ಒಪ್ಪಿಕೊಂಡಾಗಿದೆ :-)