ಹಗೆತನ ಹೆಚ್ಚಿಸಿದ ದೂರ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ನಿರ್ಧರಿಸುವವರು ಯಾರು? ಭೂಗೋಳವೇ, ಆಳುವವರೇ?

ಫಿನ್‌ಲ್ಯಾಂಡ್‌ನ ಹೆಲ್ಸಿಂಕಿ ಮತ್ತು ಜಪಾನಿನ ಟೋಕಿಯೋ ನಗರಗಳನ್ನೇ ತೆಗೆದುಕೊಳ್ಳೋಣ. ಇವೆರಡರ ನಡುವಿನ ನೇರ ವಾಯುಮಾರ್ಗ ಸುಮಾರು 7,800 ಕಿಲೋಮೀಟರ್. ಅದರ ಬಹುಭಾಗ ಹಾದುಹೋಗುವುದು ರಷ್ಯಾದ ಮೇಲೆ. 1983ರಲ್ಲಿ ಫಿನ್ನೇರ್ ಸಂಸ್ಥೆ ಇಲ್ಲಿ ತಡೆರಹಿತ ಹಾರಾಟ ಆರಂಭಿಸಿದಾಗ ಶೀತಲ ಸಮರ ನಡೆದಿತ್ತು. ಸೋವಿಯತ್ ಒಕ್ಕೂಟವನ್ನು ತಪ್ಪಿಸಿ ಉತ್ತರ ಧ್ರುವದ ಮೇಲೆ ಹಾರಿದ ವಿಮಾನಕ್ಕೆ ಸುಮಾರು 13 ಗಂಟೆ ಬೇಕಾಯಿತು. ಮುಂದೆ ದಾರಿ ತೆರೆದಾಗ ಆ ಪ್ರಯಾಣ ಒಂಬತ್ತೂವರೆ ಗಂಟೆಗಿಳಿಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಐರೋಪ್ಯ ಒಕ್ಕೂಟವೂ ರಷ್ಯಾವೂ ಪರಸ್ಪರರಿಗೆ ಆಕಾಶವನ್ನು ಮುಚ್ಚಿದವು. ಮತ್ತೆ ಅದೇ 13 ಗಂಟೆ! ನಾಲ್ಕು ದಶಕಗಳಲ್ಲಿ ವಿಮಾನಗಳು ಹೊಸದಾದವು, ಎಂಜಿನ್‌ಗಳು ಸುಧಾರಿಸಿದವು. ಪ್ರಯಾಣಿಕ ಮಾತ್ರ 1983ಕ್ಕೆ ಮರಳಿದ.

ನಮ್ಮ ಉಪಖಂಡದ ಕತೆಯೂ ಬೇರೆಯಲ್ಲ. 2019ರಲ್ಲಿ ಬಾಲಾಕೋಟ್ ದಾಳಿಯ ಬಳಿಕ ಪಾಕಿಸ್ತಾನ ಮುಚ್ಚಿದ ಆಕಾಶ ತೆರೆದದ್ದು ಜುಲೈ ಮಧ್ಯದಲ್ಲಿ. ಜುಲೈ 2ರ ವೇಳೆಗೇ ಏರ್ ಇಂಡಿಯಾಕ್ಕೆ ಆದ ನಷ್ಟ 491 ಕೋಟಿ ರೂಪಾಯಿ ಎಂದು ಸರಕಾರವೇ ಸಂಸತ್ತಿಗೆ ತಿಳಿಸಿತ್ತು. ಹಾರುವ ವಿಮಾನಗಳಿಂದ ಬರುತ್ತಿದ್ದ ಶುಲ್ಕವನ್ನು ಪಾಕಿಸ್ತಾನವೂ ಕಳೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನ ಹತ್ಯಾಕಾಂಡದ ಬಳಿಕ ಎರಡೂ ದೇಶಗಳು ಮತ್ತೆ ಬಾಗಿಲು ಹಾಕಿದವು. ದೆಹಲಿಯಿಂದ ಯುರೋಪ್, ಅಮೇರಿಕಗಳಿಗೆ ಹೊರಟವರ ದಾರಿ ಮತ್ತೆ ಉದ್ದವಾಯಿತು.

ಒಂದೇ ಧರ್ಮ, ಒಂದೇ ಭಾಷೆ ಇದ್ದರೆ ಹೀಗಾಗದು ಎನ್ನುವಂತೆಯೂ ಇಲ್ಲ. ದೋಹಾದಿಂದ ಬಹರೈನ್‌ಗೆ ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಆದರೆ 2017ರ ಜೂನ್‌ನಲ್ಲಿ ನೆರೆಯ ಅರಬ್ ರಾಷ್ಟ್ರಗಳು ಕತರನ್ನು ಬಹಿಷ್ಕರಿಸಿದಾಗ ಈ ನೇರ ಸಂಪರ್ಕ ಕಡಿಯಿತು. 2021ರ ಜನವರಿಯಲ್ಲಿ ರಾಜಿಯಾದರೂ ಈ ಎರಡು ದೇಶಗಳ ನಡುವೆ ವಿಮಾನ ಮತ್ತೆ ಹಾರಿದ್ದು 2023ರ ಮೇ ತಿಂಗಳಲ್ಲಿ. ಸಹೋದರತೆಯ ಬಗ್ಗೆ ಭಾಷಣ ಬಿಗಿಯುವವರು ಇದಕ್ಕೆ ಏನೆನ್ನುತ್ತಾರೆ?

ತನ್ನ ಆಕಾಶದ ಮೇಲೆ ಪ್ರತಿ ರಾಷ್ಟ್ರಕ್ಕೂ ಪೂರ್ಣ ಅಧಿಕಾರವಿದೆ ಎಂಬುದನ್ನು 1944ರ ಶಿಕಾಗೋ ಒಪ್ಪಂದವೇ ಮಾನ್ಯ ಮಾಡಿದೆ. ಮುಚ್ಚುವುದೇ ನ್ಯಾಯವಾಗುವ ಸಂದರ್ಭವೂ ಇದೆ. 2014ರಲ್ಲಿ ಯುದ್ಧಗ್ರಸ್ತ ಪೂರ್ವ ಉಕ್ರೇನಿನ ಮೇಲೆ ಹಾರುತ್ತಿದ್ದ ಮಲೇಶ್ಯಾದ ವಿಮಾನವನ್ನು ಕ್ಷಿಪಣಿ ಹೊಡೆದುರುಳಿಸಿ 298 ಮಂದಿಯನ್ನು ಬಲಿ ಪಡೆಯಿತು. ಆ ಆಕಾಶವನ್ನು ಪೂರ್ತಿಯಾಗಿ ಮುಚ್ಚಿದ್ದರೆ ಅವರು ಬದುಕುತ್ತಿದ್ದರು. ಆದ್ದರಿಂದ ಜೀವರಕ್ಷಣೆಗಾಗಿ ಹಾಕುವ ಬಾಗಿಲನ್ನು ನಾವು ಪ್ರಶ್ನಿಸುವುದಿಲ್ಲ. ನಮ್ಮ ಪ್ರಶ್ನೆ ಇರುವುದು ಪ್ರತೀಕಾರಕ್ಕಾಗಿ ಹಾಕಿ, ತೆರೆಯಲು ಮರೆತುಬಿಡುವ ಬಾಗಿಲಿನ ಬಗ್ಗೆ.

ಏಕೆಂದರೆ ಅದರ ಬೆಲೆ ತೆರುವವರು ಅದನ್ನು ಮುಚ್ಚಿದವರಲ್ಲ. ಚಿಕಿತ್ಸೆಗೆ ಹೊರಟ ರೋಗಿ, ರಜೆಯ ದಿನಗಳನ್ನು ಎಣಿಸುವ ಕಾರ್ಮಿಕ, ತಂದೆಯ ಅಂತಿಮ ದರ್ಶನಕ್ಕೆ ಧಾವಿಸುವ ಮಗ. ಹೆಚ್ಚುವರಿ ಇಂಧನದ ಹಣ ಟಿಕೆಟಿನ ಮೂಲಕ ಇವರ ಜೇಬಿನಿಂದಲೇ ಹೋಗುತ್ತದೆ. ಕಳೆದುಹೋದ ಗಂಟೆಗಳನ್ನಂತೂ ಯಾರೂ ಮರಳಿಸುವುದಿಲ್ಲ. ಆಕಾಶವನ್ನು ಮುಚ್ಚುವ ಆದೇಶಕ್ಕೆ ಸಹಿ ಹಾಕುವ ಕೈಗಳು ಮಾತುಕತೆಗೂ ಅಷ್ಟೇ ಬೇಗ ಚಾಚಲಿ. ದೂರವನ್ನು ಕಡಿಮೆ ಮಾಡುವ ಶಕ್ತಿ ಎಂಜಿನ್‌ಗಿಂತ ಹೆಚ್ಚಾಗಿ ಅದಕ್ಕಿದೆ.