ಮೊಳೆ ಜೋಡಿಸಿದವರ ಹೆಸರೆಲ್ಲಿ?



ಭಾಷೆಯನ್ನು ಉಳಿಸುವವರು ಕವಿಗಳು. ಅಚ್ಚುಕೂಟದವನು ಕಾಸಿಗಾಗಿ ಮೊಳೆ ಜೋಡಿಸುವ ಕಸುಬುದಾರನಷ್ಟೆ ಎಂಬ ಮಾತನ್ನು ವಿದ್ಯಾವಂತರ ಬಾಯಿಂದಲೇ ಕೇಳಿದ್ದೇನೆ. ಇದು ಅನ್ಯಾಯದ ಮಾತು. ಒಪ್ಪದವರು ಮಾರ್ಟಿನಸ್ ಯಾಂಕುಸ್ ಅವರ ಬಾಳನ್ನು ಒಮ್ಮೆ ನೋಡಬೇಕು.

1863ರ ದಂಗೆಯನ್ನು ಹತ್ತಿಕ್ಕಿದ ಬಳಿಕ ರಷ್ಯದ ತ್ಸಾರ್ ಸರ್ಕಾರವು ಲಿಥುವೇನಿಯನ್ ಭಾಷೆಯನ್ನು ಲ್ಯಾಟಿನ್ ಅಕ್ಷರಗಳಲ್ಲಿ ಅಚ್ಚು ಹಾಕುವುದನ್ನು ನಿಷೇಧಿಸಿತು. ಬೇಕಿದ್ದರೆ ರಷ್ಯನ್ ಲಿಪಿಯಲ್ಲಿ ಓದಿರಿ ಎಂಬುದು ಅದರ ಧೋರಣೆ. ಈ ನಿಷೇಧ 1904ರವರೆಗೆ, ಸುಮಾರು 40 ವರ್ಷ ನಡೆಯಿತು. ಯಾಂಕುಸ್ 1858ರಲ್ಲಿ ಹುಟ್ಟಿದ್ದು ಗಡಿಯ ಈಚೆಗೆ, ಪ್ರಷ್ಯದ ಆಳ್ವಿಕೆಯಲ್ಲಿದ್ದ ಬಿತೇನಾಯ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ಅಲ್ಲಿಯೂ ಜನರಾಡುತ್ತಿದ್ದುದು ಲಿಥುವೇನಿಯನ್ನೇ. ಆದರೆ ಮುದ್ರಣಕ್ಕೆ ಅಲ್ಲಿ ತಡೆಯಿರಲಿಲ್ಲ. 1883ರಲ್ಲಿ ಆರಂಭವಾದ ‘ಔಶ್ರಾ’ ಪತ್ರಿಕೆಯ ಪ್ರಕಟಣೆಗೆ ಅವರು ಹೆಗಲು ಕೊಟ್ಟರು. ಔಶ್ರಾ ಎಂದರೆ ಅರುಣೋದಯ; ನಮ್ಮ ‘ಉಷಸ್ಸು’ ಕೂಡ ಅದೇ ಮೂಲದ ಪದ. 1886ರಲ್ಲಿ ಪತ್ರಿಕೆ ನಿಂತಿತು, ಯಾಂಕುಸ್ ನಿಲ್ಲಲಿಲ್ಲ. ಸ್ವಂತ ಅಚ್ಚುಕೂಟ ನಡೆಸಿ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಹೊರತಂದರು. ಅವು ಪುಸ್ತಕ ಹೊರುವವರ ಗಂಟುಗಳಲ್ಲಿ ಗುಟ್ಟಾಗಿ ಗಡಿ ದಾಟಿದವು. ಸಿಕ್ಕಿಬಿದ್ದವರಿಗೆ ಸೆರೆಮನೆ, ಸೈಬೀರಿಯ.

‘ಅಪಾಯ ಹೊತ್ತವರದು, ಮುದ್ರಕನಿಗೇನು?’ ಎನ್ನುವಿರಾ? ಅಚ್ಚಾಗದಿದ್ದರೆ ಹೊರುವವರು ಹೊರುತ್ತಿದ್ದುದಾದರೂ ಏನನ್ನು? ಯಾಂಕುಸರಿಗೆ ದೊರೆತದ್ದು ಸಂಪತ್ತಲ್ಲ. ಸಾಲ ಮತ್ತು ಜರ್ಮನ್ ಅಧಿಕಾರಿಗಳ ಕಿರುಕುಳ. ಮೊದಲ ಮಹಾಯುದ್ಧದಲ್ಲಿ ರಷ್ಯದ ಸೇನೆ ಅವರನ್ನು ರಷ್ಯದ ಒಳನಾಡಿಗೆ ಗಡೀಪಾರು ಮಾಡಿತು. ಮರಳಿ ಬಂದವರು 1918ರ ನವೆಂಬರ್ 30ರಂದು, ತಮ್ಮ ಸೀಮೆ ಲಿಥುವೇನಿಯದೊಡನೆ ಸೇರಬೇಕೆಂಬ ತಿಲ್ಸಿತ್ ಘೋಷಣೆಗೆ ಸಹಿ ಹಾಕಿದರು. ಇದು ಕಾಸಿನ ಕಸುಬಿನವರು ಮಾಡುವ ಕೆಲಸವೇ?

‘ಕ್ಯಾಲೆಂಡರನ್ನೂ ಅಚ್ಚು ಹಾಕಿ ಮಾರಿದರಲ್ಲ!’ ಎಂಬುದು ಇನ್ನೊಂದು ಆಕ್ಷೇಪ. ಅದೇ ಅವರ ವಿವೇಕವೆಂದು ನನ್ನ ವಾದ. ಕಾವ್ಯ ಕೊಳ್ಳದ ರೈತನೂ ಕ್ಯಾಲೆಂಡರ್ ಕೊಳ್ಳುತ್ತಾನೆ. ಅದು ವರ್ಷವಿಡೀ ಅವನ ಮನೆಯಲ್ಲಿರುತ್ತದೆ. ಮಕ್ಕಳು ಅದರಲ್ಲೇ ಅಕ್ಷರ ಕೂಡಿಸಿ ಓದುತ್ತಾರೆ. ಓದುಗನೇ ಇಲ್ಲದ ನಾಡಿನಲ್ಲಿ ಮಹಾಕವಿ ಯಾರಿಗಾಗಿ ಬರೆದಾನು?

ಯಾಂಕುಸ್ 1946ರಲ್ಲಿ ಜರ್ಮನಿಯ ಫ್ಲೆನ್ಸ್‌ಬುರ್ಗ್‌ನಲ್ಲಿ, ತಮ್ಮ ಊರಿನಿಂದ ಬಹುದೂರದಲ್ಲಿ ತೀರಿಕೊಂಡರು. ಅವರ ಅವಶೇಷ ಬಿತೇನಾಯ್‌ನ ಮಣ್ಣಿಗೆ ಮರಳಿದ್ದು 1993ರಲ್ಲಿ, ಲಿಥುವೇನಿಯ ಮತ್ತೆ ಸ್ವತಂತ್ರವಾದ ಮೇಲೆ. ಒಮ್ಮೆ ಕಳ್ಳಸಾಗಣೆಯ ಸರಕಾಗಿದ್ದ ಆ ಭಾಷೆ 2004ರಿಂದ ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳಲ್ಲೊಂದು.

ನಮ್ಮ ಇತಿಹಾಸದ ಪಾಠಗಳು ಬರೆದವರ ಹೆಸರನ್ನು ಬಾಯಿಪಾಠ ಮಾಡಿಸುತ್ತವೆ. ಅಚ್ಚು ಹಾಕಿದವರ ಹೆಸರು ಅವುಗಳಲ್ಲಿ ಬರುವುದು ಅಪರೂಪ. ಇನ್ನು ಮುಂದೆ ಮಕ್ಕಳ ಕೈಗೆ ಪುಸ್ತಕ ಕೊಡುವಾಗ, ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಮುದ್ರಕರ ಹೆಸರನ್ನೂ ಓದಿ ಹೇಳಿರಿ.