ಬೇಲ್ ಆಗಿ ಹತ್ತೊಂಬತ್ತು ದಿನ

ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯಾಧ್ಯಕ್ಷರಿಗೆ,

ನಾನು ಅರೆ ಕಾನೂನು ಸ್ವಯಂಸೇವಕಿ. ಕಳೆದ ಬೇಸಿಗೆಯಲ್ಲಿ ನಮ್ಮ ಕೋರ್ಟಿನ ಜಗಲಿಯಲ್ಲಿ ಒಬ್ಬ ಹೆಣ್ಣುಮಗಳು ಸಿಕ್ಕಳು. ಗಂಡ ಹೆಂಡತಿ ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಕಳವಿನ ಕೇಸೊಂದರಲ್ಲಿ ಗಂಡ ಒಳಗಿದ್ದ. ಬೇಲ್ ಆಗಿ ಹತ್ತೊಂಬತ್ತು ದಿನ ಕಳೆದಿತ್ತು. ಅವಳು ಪ್ಲಾಸ್ಟಿಕ್ ಕವರಿನಿಂದ ಮಾವನ ಎರಡೆಕರೆಯ ಪಹಣಿ ತೆಗೆದು ನನ್ನ ಮುಂದೆ ಬಿಡಿಸಿಟ್ಟಳು. ಮಡಿಕೆ ಮಡಿಕೆಗೂ ಹರಿದು, ಹಿಂದೆ ಅಂಟುಪಟ್ಟಿ ಹಚ್ಚಿತ್ತು.

"ಇದು ನಡ್ಯಂಗಿಲ್ಲಂತ್ರಿ, ಈ ಊರಿನವ್ರದ ಬೇಕಂತ" ಎಂದಳು.

ಈ ಊರಿನಲ್ಲಿ ಅವಳಿಗೆ ಗೊತ್ತಿದ್ದವನು ಮೇಸ್ತ್ರಿ ಒಬ್ಬನೇ. ಅವನು ಫೋನ್ ಎತ್ತುತ್ತಿರಲಿಲ್ಲ. ಗೇಟಿನ ಹೊರಗೊಬ್ಬ ಜಾಮೀನು ನಿಲ್ಲಲು ಐದು ಸಾವಿರ ಕೇಳಿದ್ದನಂತೆ.

ಸ್ವಾಮಿ, ಬೇರೆ ಜಿಲ್ಲೆಯ ಜಾಮೀನು ನಡೆಯುತ್ತದೆಯೇ ಎಂಬುದು 1978ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ವಿಷಯ. ಮಧ್ಯಪ್ರದೇಶದ ಮೋತಿರಾಮ್ ಕೂಡ ಗಾರೆಯವನೇ. ಮ್ಯಾಜಿಸ್ಟ್ರೇಟರು ಅವನಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಜಾಮೀನಿಗೆ ಬಂದ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ನಮ್ಮದೇ ದೇಶದಲ್ಲಿ ಒಂದು ಜಿಲ್ಲೆಯವನು ಇನ್ನೊಂದು ಜಿಲ್ಲೆಗೆ ಪರಕೀಯನಾಗುವುದು ಹೇಗೆ? ಅಂದಿನ ಆ ಪ್ರಶ್ನೆಯನ್ನೇ ಈ ಹೆಣ್ಣುಮಗಳು ಹರಿದ ಪಹಣಿ ಹಿಡಿದು ನನ್ನನ್ನು ಕೇಳುತ್ತಿದ್ದಳು.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಮತ್ತೆ ಬಿಡಿಸಿ ಹೇಳಿತು. ಬೇಲ್ ಆಗಿ ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ನಮ್ಮಂಥವರು ಹೋಗಿ ಅವನನ್ನು ಕಾಣಬೇಕು. ತಿಂಗಳಾದರೂ ಮುಚ್ಚಳಿಕೆ ಬರದಿದ್ದರೆ ಷರತ್ತು ಸಡಿಲಿಸಬೇಕೇ ಎಂದು ನ್ಯಾಯಾಲಯ ತಾನಾಗಿಯೇ ನೋಡಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟ ಬೇಡ ಎಂಬ ಸೂಚನೆಯೂ ಅದರಲ್ಲಿದೆ. ಬಡ ಕೈದಿಗಳ ನೆರವಿಗೆಂದು ಕೇಂದ್ರದ ಯೋಜನೆಯೂ ಅದೇ ವರ್ಷ ಬಂತು. ವಿಚಾರಣಾಧೀನ ಕೈದಿಯ ಜಾಮೀನಿಗೆ ಅದು ಆರಂಭದಲ್ಲಿ 40,000 ರೂಪಾಯಿಯವರೆಗೆ ನಿಗದಿಪಡಿಸಿತ್ತು.

ಇಷ್ಟೆಲ್ಲ ಇದ್ದೂ ಆ ಗಾರೆಯವನ ಸುದ್ದಿ ನನಗೆ ಮುಟ್ಟಿದ್ದು ಹತ್ತೊಂಬತ್ತನೆಯ ದಿನ, ಅದೂ ಅವನ ಹೆಂಡತಿ ಜಗಲಿಯಲ್ಲಿ ನನ್ನ ಪಕ್ಕ ಬಂದು ಕುಳಿತದ್ದರಿಂದ. ಅವಳು ಆಚೆ ಬೆಂಚಿನಲ್ಲಿ ಕುಳಿತಿದ್ದರೆ? ಮನೆಯ ಪರಿಸ್ಥಿತಿಯ ವರದಿ ಬರೆದು, ನೆರವು ವಕೀಲರಿಂದ ಅರ್ಜಿ ಹಾಕಿಸಿದೆವು. ಇಪ್ಪತ್ತೇಳನೆಯ ದಿನ ಸ್ವಂತ ಮುಚ್ಚಳಿಕೆಯ ಮೇಲೆ ಅವನು ಹೊರಬಂದ. ಅಷ್ಟರಲ್ಲಿ ಬಾಡಿಗೆ ಕಟ್ಟಲಾಗದೆ ಅವರ ಶೆಡ್ಡು ಬೇರೆಯವರ ಪಾಲಾಗಿತ್ತು.

ಹೊಸ ಯೋಜನೆ ಕೇಳಲು ನಾನು ಬರೆಯುತ್ತಿಲ್ಲ. ಪ್ರತಿ ಸೋಮವಾರ ಪ್ರತಿ ಜಿಲ್ಲೆಯಿಂದ ಒಂದು ಪಟ್ಟಿ ತರಿಸಿಕೊಳ್ಳಿ: ಬೇಲ್ ಆಗಿ ಏಳು ದಿನ ಮೀರಿಯೂ ಒಳಗಿರುವವರು ಯಾರು, ಅವರನ್ನು ಯಾರು ಯಾವ ದಿನ ಹೋಗಿ ಕಂಡರು. ಎರಡನೆಯ ಕಾಲಮ್ಮು ಖಾಲಿಯಿದ್ದರೆ ಆ ಜಿಲ್ಲೆಗೆ ಅದೇ ದಿನ ಫೋನ್ ಮಾಡಿಸಿ. ಹೋಗಿ ಕಾಣುವ ಕೆಲಸಕ್ಕೆ ನಾವಿದ್ದೇವೆ, ಹೆಸರು ಕೊಡಿಸಿ.

ಇಂತಿ,
ಒಬ್ಬ ಅರೆ ಕಾನೂನು ಸ್ವಯಂಸೇವಕಿ